ಉಡದ ಉಣ್ಣಿ: ರೋಗದ ನೆರಳಲ್ಲಿ ಉಳಿದ ಒಂದು ಅಧ್ಯಯನ

ಕರ್ನಾಟಕದಲ್ಲಿ ಉಣ್ಣಿಯ ಮಾತೆತ್ತಿದರೆ ಅದು ಮಂಗನ ಕಾಯಿಲೆಗೇ ಹೋಗಿ ನಿಲ್ಲುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮುಸುವ, ಮಂಗಗಳು ಸತ್ತು, ಸುತ್ತಲಿನ ಊರುಗಳ ಜನರಿಗೂ ಜ್ವರ ಬಂದ ಮೇಲೆ ಈ ರಾಜ್ಯದ ಉಣ್ಣಿ ವಿಜ್ಞಾನ ವೈರಸ್ ವಿಜ್ಞಾನದ ಒಂದು ಕವಲಾಗಿ ಬೆಳೆಯಿತು. ಆ ಕೆಲಸದ ಬೆಲೆ ತಗ್ಗಿಸುವ ಉದ್ದೇಶ ನನಗಿಲ್ಲ. ಆದರೆ ಎಲ್ಲವನ್ನೂ ರೋಗದ ಕಣ್ಣಿನಿಂದ ನೋಡಿದ್ದರಿಂದ ಉಡ, ಓತಿಕ್ಯಾತ, ಹಾವುಗಳ ಮೈಮೇಲೆ ಬದುಕುವ ಉಣ್ಣಿಗಳು ಪಟ್ಟಿಯ ಕೊನೆಯ ಸಾಲಿಗೆ ಸರಿದವು. ಅದರ ಜೊತೆಗೆ ಈಚೆಗೆ ಇನ್ನೊಂದು ತಪ್ಪು ಓದೂ ಸೇರಿಕೊಂಡಿದೆ: ಓತಿಕ್ಯಾತದಂಥ ಪ್ರಾಣಿಗಳು ಉಣ್ಣಿಯ ಸೋಂಕನ್ನು ತೊಳೆದುಬಿಡುತ್ತವೆ, ಅವು ಹೆಚ್ಚಿದಷ್ಟೂ ಮನುಷ್ಯನಿಗೆ ಕ್ಷೇಮ ಎಂಬುದು. ಎರಡೂ ಓದುಗಳಲ್ಲಿ ಉಣ್ಣಿ ಬರೀ ರೋಗದ ವಾಹನ. ನನ್ನ ವಾದ ಇಷ್ಟು: ಸರೀಸೃಪದ ಉಣ್ಣಿ ಅರ್ಥವಾಗಬೇಕಾದರೆ ಅದು ರಕ್ತ ಹೀರುವ ದಿನಗಳಿಗಿಂತ, ಪ್ರಾಣಿಯ ಮೈಬಿಟ್ಟು ಬಿಲದಲ್ಲೋ ಕಲ್ಲಿನ ಸಂದಿಯಲ್ಲೋ ಕಾಯುವ ವಾರ, ತಿಂಗಳುಗಳನ್ನು ನೋಡಬೇಕು. ಹಾಗೆ ನೋಡಹೊರಟರೆ ಮಲೆನಾಡಿಗಿಂತ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರದ ಒಣನೆಲ ಹೆಚ್ಚು ಕಲಿಸಬಲ್ಲದು.

ಮೊದಲ ಎಂಬತ್ತು ವರ್ಷಗಳ ಕಥೆ ಚಿಕ್ಕದು. ನಮ್ಮ ಉಡಕ್ಕೂ ಹಾವುಗಳಿಗೂ ಕಚ್ಚುವ ಇಂದಿನ ಆಂಬ್ಲಿಯೋಮಾ ಗರ್ವೈಸಿಯನ್ನು ಫ್ರಾನ್ಸಿನ ಲ್ಯೂಕಾ 1847ರಲ್ಲೇ ವಿವರಿಸಿದ್ದ. 1899ರಲ್ಲಿ ನ್ಯೂಮನ್ ಇಂಥ ಕಣ್ಣಿಲ್ಲದ ಉಣ್ಣಿಗಳಿಗಾಗಿ ಆಪೊನೋಮಾ ಎಂಬ ಕುಲ ಕಟ್ಟಿದ. ಕೇಂಬ್ರಿಜ್‌ನಲ್ಲಿ ನಟಾಲ್, ವಾರ್‌ಬರ್ಟನ್ ಮತ್ತು ಸಂಗಡಿಗರು ಉಣ್ಣಿಗಳ ದೊಡ್ಡ ಗ್ರಂಥವನ್ನು 1908ರಿಂದ ಕಂತುಕಂತಾಗಿ ತಂದರು. 1928ರಲ್ಲಿ ಎಂ. ಷರೀಫ್ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸಂಗ್ರಹವನ್ನಿಟ್ಟುಕೊಂಡು ಭಾರತದ ಉಣ್ಣಿಗಳ ಪಟ್ಟಿಯನ್ನು ಪರಿಷ್ಕರಿಸಿದರು. ಇವೆಲ್ಲ ಸೀಸೆಯೊಳಗಿನ ಮಾದರಿಗಳ ವಿಜ್ಞಾನ. ಮಾದರಿ ಯಾವ ಪ್ರಾಣಿಯ ಮೈಯಿಂದ ಬಂತು ಎಂಬುದು ಒಂದೆರಡು ಪದದಲ್ಲಿ ಮುಗಿಯುತ್ತಿತ್ತು. ಆ ಪ್ರಾಣಿ ಎಲ್ಲಿ ಮಲಗುತ್ತಿತ್ತು ಎಂದು ಕೇಳುವವರಿರಲಿಲ್ಲ.

ಕ್ಯಾಸನೂರಿನ ನಂತರ ಕೆಲಸದ ವೇಗ ಬದಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣ್ಣಿ ಹಿಡಿದರು, ಇಲಿ, ಹಕ್ಕಿ, ದನಗಳ ಮೈ ಹುಡುಕಿದರು. ಟ್ರಾಪಿಡೊ, ರಾಜಗೋಪಾಲನ್, ಕೈರೋದಲ್ಲಿದ್ದ ಹ್ಯಾರಿ ಹೂಗ್‌ಸ್ಟ್ರಾಲ್ ಸೇರಿ ಹೀಮಫೈಸಾಲಿಸ್ ಕುಲವನ್ನು ಬಿಡಿಸಿದರು. ಆ ಪರಂಪರೆಯ ಫಲವಾಗಿ ಆ ಒಂದು ಕುಲದ ಮೇಲೆಯೇ ಗೀವರ್ಗೀಸ್ ಮತ್ತು ಧಂಡಾ 1987ರಲ್ಲಿ, ಗೀವರ್ಗೀಸ್ ಮತ್ತು ಮಿಶ್ರಾ 2011ರಲ್ಲಿ ಪುಸ್ತಕ ಕೊಟ್ಟರು. ಎರಡೂ ಇಂದಿಗೂ ಮೇಜಿನ ಮೇಲಿರಬೇಕಾದವು. ಸರೀಸೃಪದ ಉಣ್ಣಿಗಳ ಪಾಲಿಗೆ ಮಾತ್ರ ಸಿದ್ಧಾಂತ ಬಂತು, ಕ್ಷೇತ್ರಕಾರ್ಯ ಬರಲಿಲ್ಲ. ಉಣ್ಣಿಗಳು ಮೊದಲು ಹುಟ್ಟಿದ್ದೇ ಸರೀಸೃಪಗಳ ಮೇಲೆ, ಆಮೇಲೆ ಹಕ್ಕಿ, ಸಸ್ತನಿಗಳಿಗೆ ಏರಿದವು ಎಂದು ಹೂಗ್‌ಸ್ಟ್ರಾಲ್ 1982ರಲ್ಲಿ ಏಶ್ಲಿಮನ್ ಜೊತೆಗೂಡಿ ಬರೆದ. ಡಿಎನ್‌ಎ ಬಂದ ಮೇಲೆ ಈ ನೇರ ಏಣಿ ಅಲುಗಾಡಿತು. 2002ರಲ್ಲಿ ಕ್ಲಾಂಪೆನ್ ಮತ್ತು ಸಂಗಡಿಗರು ಆಪೊನೋಮಾ ಕುಲವನ್ನೇ ಒಡೆದು ಏಷ್ಯಾ, ಆಫ್ರಿಕಾದ ಬಹುಪಾಲನ್ನು ಆಂಬ್ಲಿಯೋಮಾಕ್ಕೂ ಆಸ್ಟ್ರೇಲಿಯಾದ ಕೆಲವನ್ನು ಬೋಥ್ರಿಯೋಕ್ರೋಟಾನ್‌ಗೂ ಸೇರಿಸಿದರು. 2017ರಲ್ಲಿ ಮ್ಯಾನ್ಮಾರ್‌ನ ಸುಮಾರು 9.9 ಕೋಟಿ ವರ್ಷ ಹಳೆಯ ರಾಳದಲ್ಲಿ ಡೈನೋಸಾರ್ ಗರಿಗೆ ಸಿಕ್ಕಿಕೊಂಡ ಉಣ್ಣಿಯೇ ದೊರೆಯಿತು. ವಂಶವೃಕ್ಷದ ಈ ಚರ್ಚೆ ಸೊಗಸಾದದ್ದು. ಆದರೂ ಜೀವಂತ ಉಡದ ಮೇಲಿನ ಉಣ್ಣಿ ಏನು ಮಾಡುತ್ತಿದೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಆ ಉತ್ತರ ಬಂದದ್ದು ದಕ್ಷಿಣ ಆಸ್ಟ್ರೇಲಿಯಾದಿಂದ. ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮೈಕೆಲ್ ಬುಲ್ 1982ರಲ್ಲಿ ಆರಂಭಿಸಿ 2016ರಲ್ಲಿ ತೀರಿಕೊಳ್ಳುವವರೆಗೂ ಒಂದೇ ಬಯಲಿನ ದಪ್ಪ ಬಾಲದ ಸ್ಲೀಪಿ ಲಿಜರ್ಡ್‌ಗಳನ್ನು ವರ್ಷ ವರ್ಷವೂ ಹಿಡಿದು, ಉಣ್ಣಿ ಎಣಿಸಿ, ಮತ್ತೆ ಬಿಟ್ಟರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮಿಗಿಲಾದ ಕೆಲಸವಿಲ್ಲ ಎಂಬುದು ನನ್ನ ತೀರ್ಮಾನ. ಅಲ್ಲಿ ಒಂದೇ ಪ್ರಾಣಿಗೆ ಎರಡು ಉಣ್ಣಿ: ಉತ್ತರದ ಒಣನೆಲದಲ್ಲಿ ಆಂಬ್ಲಿಯೋಮಾ ಲಿಂಬೇಟಮ್, ದಕ್ಷಿಣದ ತೇವದ ಕಡೆ ಆಗ ಆಪೊನೋಮಾ ಎನಿಸಿಕೊಂಡಿದ್ದ ಇಂದಿನ ಬೋಥ್ರಿಯೋಕ್ರೋಟಾನ್ ಹೈಡ್ರೋಸೌರಿ. ಆತಿಥೇಯ ಪ್ರಾಣಿ ಎರಡೂ ಕಡೆ ನಿರಾತಂಕವಾಗಿ ಓಡಾಡುತ್ತದೆ, ಉಣ್ಣಿಗಳು ಮಾತ್ರ ಕಿರಿದಾದ ಗಡಿಪಟ್ಟಿಯಲ್ಲಿ ಮುಖಾಮುಖಿಯಾಗಿ ನಿಲ್ಲುತ್ತವೆ. ಗಡಿಯನ್ನು ಪ್ರಾಣಿಯ ಮೈಯೊಂದೇ ನಿರ್ಧರಿಸುತ್ತಿಲ್ಲ, ಮೈಬಿಟ್ಟ ಮೇಲಿನ ನೆಲವೂ ನಿರ್ಧರಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಉಣ್ಣಿಯ ದೇಹಧರ್ಮವೂ ಇದನ್ನೇ ಹೇಳುತ್ತದೆ. ಆರು ಕಾಲಿನ ಮರಿ, ಎಂಟು ಕಾಲಿನ ನಿಂಫ್, ಬೆಳೆದ ಉಣ್ಣಿ, ಹೀಗೆ ಮೂರು ಹಂತಕ್ಕೂ ಒಮ್ಮೊಮ್ಮೆ ಪ್ರಾಣಿ ಹತ್ತಿ, ರಕ್ತ ಕುಡಿದು, ಕೆಳಗಿಳಿಯಬೇಕು; ಮೊದಲೆರಡು ಹಂತದಲ್ಲಿ ಇಳಿದ ಮೇಲೆ ಪೊರೆ ಕಳಚಬೇಕು. ಹಸಿದು ಕಾಯುವಾಗ ಅದಕ್ಕೆ ಕುಡಿಯಲು ನೀರಿಲ್ಲ. ಬಾಯಿಯಲ್ಲಿ ಉಪ್ಪಿನಂಶದ ಜೊಲ್ಲು ಸುರಿಸಿ, ಅದು ಗಾಳಿಯ ತೇವ ಹೀರಿಕೊಂಡ ಮೇಲೆ ಮತ್ತೆ ನುಂಗುತ್ತದೆ. ಸುತ್ತಲಿನ ಗಾಳಿ ತೀರಾ ಒಣಗಿದರೆ ಈ ಉಪಾಯ ನಡೆಯದು. ಮುಂದೆ 2010ರಲ್ಲಿ ಲಾಯ್, ಕಪೇಲರ್ ಮತ್ತು ಬುಲ್ ತೋರಿಸಿದಂತೆ, ಯಾವ ಪ್ರಾಣಿಗೆ ಎಷ್ಟು ಉಣ್ಣಿ ಎಂಬುದನ್ನು ಹೇಳುವುದು ಒಂದೇ ಅಡಗುತಾಣವನ್ನು ಬೇರೆ ಬೇರೆ ದಿನ ಯಾರ್ಯಾರು ಬಳಸಿದರು ಎಂಬ ಜಾಲ. ಉಣ್ಣಿ ಹೆಚ್ಚಿದ್ದರೆ ಪ್ರಾಣಿಯ ಓಟದ ಕಸುವು ಕುಗ್ಗುತ್ತದೆಂದು ಒಂದು ಪ್ರಯೋಗ ಹೇಳಿದರೆ, 1993ರ ದೀರ್ಘ ಲೆಕ್ಕದಲ್ಲಿ ಅಂಥ ನಷ್ಟ ಕಾಣಲಿಲ್ಲ. ಎರಡನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಈ ಪಂಥದ ಘನತೆ.

‘ತೊಳೆಯುವ’ ಕಥೆ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಬೇಲಿ ಓತಿಯ ರಕ್ತದಲ್ಲಿ ಲೈಮ್ ರೋಗದ ಬ್ಯಾಕ್ಟೀರಿಯಾ ಸಾಯುತ್ತದೆಂದು ಲೇನ್ ಮತ್ತು ಕ್ವಿಸ್ಟಾಡ್ 1998ರಲ್ಲಿ ತೋರಿಸಿದರು. ಸತ್ಯವೇ. ಆದರೆ 2011ರಲ್ಲಿ ಸ್ವೇ ಮತ್ತು ಸಂಗಡಿಗರು ಕೆಲವು ತುಂಡು ನೆಲಗಳಿಂದ ಈ ಓತಿಗಳನ್ನೇ ತೆಗೆದು ನೋಡಿದಾಗ, ಬಹಳಷ್ಟು ಮರಿ ಉಣ್ಣಿಗಳು ಬೇರೆ ಪ್ರಾಣಿ ಹತ್ತಲಾಗದೆ ಕಳೆದುಹೋದವು, ನಿಂಫ್‌ಗಳ ಸಂಖ್ಯೆ ಇಳಿಯಿತು. ಅಂದರೆ ಅದೇ ಓತಿ ಸೋಂಕನ್ನು ಕೊಲ್ಲುತ್ತದೆ, ಉಣ್ಣಿಯನ್ನು ಸಾಕುತ್ತದೆ. ಒಂದು ಊರಿನ ಒಂದು ಬ್ಯಾಕ್ಟೀರಿಯಾದ ಫಲಿತಾಂಶವನ್ನು ಹೊತ್ತು ತಂದು ನಮ್ಮ ಓತಿಕ್ಯಾತದ ತಲೆಗೆ ಕಟ್ಟುವುದು ವಿಜ್ಞಾನವಲ್ಲ.

ಜನರನ್ನು ಕೊಲ್ಲುವ ಉಣ್ಣಿ ಇರುವಾಗ ಉಡದ ಉಣ್ಣಿಗೆ ಹಣ, ಸಮಯ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಉತ್ತರ ಬುಲ್ ಎಣಿಸಿದ ಉಣ್ಣಿಯಲ್ಲೇ ಇದೆ. ಟಾಸ್ಮೇನಿಯಾದ ಬಳಿಯ ಫ್ಲಿಂಡರ್ಸ್ ದ್ವೀಪದ ವೈದ್ಯ ರಾಬರ್ಟ್ ಸ್ಟೀವರ್ಟ್ ತಮ್ಮ ರೋಗಿಗಳಲ್ಲಿ ಕಂಡ ಚುಕ್ಕೆಜ್ವರವನ್ನು 1991ರಲ್ಲಿ ವರದಿ ಮಾಡಿದರು. ಕಾರಣ ರಿಕೆಟ್ಸಿಯಾ ಹೋನೈ ಎಂದು ಗೊತ್ತಾಯಿತು. 2003ರಲ್ಲಿ ಅದರ ನೆಲೆ ಸರೀಸೃಪದ ಉಣ್ಣಿ, ಅದೇ ಹೈಡ್ರೋಸೌರಿ, ಎಂಬುದು ಖಚಿತವಾಯಿತು. ರೋಗದ ಸುಳಿವೂ ಇಲ್ಲದಾಗ ಆರಂಭವಾದ ಅಧ್ಯಯನವೇ ಆಮೇಲೆ ರೋಗದ ನಕ್ಷೆಗೆ ಬೇಕಾದ ಆಧಾರವಾಯಿತು. ನಿರುಪದ್ರವಿ ಎಂಬ ಮಾತನ್ನು ನೋಡಿದ ಮೇಲೆ ಹೇಳಬೇಕು.

ಇನ್ನು ನೆಲದ ಮಾತು. ಉಷ್ಣವಲಯದ ಕಾಡೆಂದರೆ ಸದಾ ಹಸಿರು ಎಂದು ಭಾವಿಸಿ ಸಮೀಕ್ಷೆಗಳು ಪಶ್ಚಿಮಘಟ್ಟಕ್ಕೇ ಹೋದವು. ಕಲಬುರಗಿಯ ಪೂರ್ವಭಾಗದ ಹೆಸರು ಈ ಸಾಹಿತ್ಯದಲ್ಲಿ ಕಾಣುವುದು ಅಪರೂಪ. ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಮಾಡಿದ ವರ್ಗೀಕರಣದಲ್ಲಿ ಒಣ ಎಲೆಯುದುರುವ ಕಾಡು, ಮುಳ್ಳುಕಾಡು ಎರಡೂ ಉಷ್ಣವಲಯದ ಕಾಡುಗಳೇ. 2011ರಲ್ಲಿ ವನ್ಯಧಾಮವಾದ ಚಿಂಚೋಳಿಯಲ್ಲಿ ಅಂಥ ಒಣಕಾಡು ಜಂಬಿಟ್ಟಿಗೆ, ಕರಿಕಲ್ಲಿನ ದಿಬ್ಬಗಳ ಮೇಲೆ ಇನ್ನೂ ನಿಂತಿದೆ. ಅಲ್ಲಿಂದ ಸೇಡಂ ದಾಟಿ ಕಾಗಿಣಾ ನದಿಯ ಗುಂಟ ಇಳಿದರೆ ಚಿತ್ತಾಪುರ, ವಾಡಿ, ಶಹಾಬಾದ್: ತೊಗರಿ ಹೊಲ, ಸಿಮೆಂಟ್ ಕಾರ್ಖಾನೆ, ಪದರ ಪದರವಾಗಿ ಏಳುವ ಸುಣ್ಣಕಲ್ಲಿನ ಫರಸಿ ಗಣಿಗಳು. ಗಣಿಯ ದಡದಲ್ಲಿ ಒಡೆದ ಚಪ್ಪಡಿ ಒಂದರ ಮೇಲೊಂದು ಬಿದ್ದು ಬೆರಳು, ಮುಂಗೈ ತೂರುವಷ್ಟು ಸಂದಿಗಳಾಗುತ್ತವೆ. ಸಂದಿ ಸಿಕ್ಕಲ್ಲಿ ಸೇರಿಕೊಳ್ಳುವುದು ಉಡದ ಸ್ವಭಾವ. ಈ ಚಪ್ಪಡಿ ರಾಶಿ ಕಾಡಿನ ಬಿಲದಷ್ಟು ತೇವ ಹಿಡಿಯುತ್ತದೆಯೇ? ಹಿಡಿದರೆ, ಕಡಿಮೆ ತಾಣಗಳಿಗೆ ಹೆಚ್ಚು ಉಡಗಳು ಮರಳಿ ಬರುವಲ್ಲಿ ಉಣ್ಣಿ ದಟ್ಟವಾಗಬೇಕು. ಹಿಡಿಯದಿದ್ದರೆ ಉಡ ಉಳಿದೂ ಉಣ್ಣಿ ಅಳಿಯಬೇಕು. ಒಂದೇ ಜಿಲ್ಲೆಯೊಳಗೆ, ಒಂದೇ ಆತಿಥೇಯನ ಮೇಲೆ, ಹೀಗೆ ಎರಡು ಬಗೆಯ ಕಲ್ಲಿನಲ್ಲಿ ಬುಲ್‌ರ ಪ್ರಶ್ನೆಯನ್ನು ಪರೀಕ್ಷಿಸುವ ಅವಕಾಶ ಮಲೆನಾಡಿನಲ್ಲಿಲ್ಲ.

ಈ ಕೆಲಸ ಕಷ್ಟ ಎಂಬ ಆಕ್ಷೇಪಕ್ಕೆ ಎರಡು ಮುಖ. ಓತಿಕ್ಯಾತದ ಕಂಕುಳಲ್ಲಿ, ಮನೆಹಲ್ಲಿಯ ಕಾಲ್ಬೆರಳ ನಡುವೆ ಕಾಣುವ ಕೆಂಪು ಚುಕ್ಕೆಗಳು ಸಾಮಾನ್ಯವಾಗಿ ನುಸಿಗಳು. ಅವನ್ನೂ ಉಣ್ಣಿಯೆಂದು ಬರೆದ ದಾಖಲೆ ಕೆಲಸಕ್ಕೆ ಬಾರದು. ಇದಕ್ಕೆ ಬೇಕಾದ್ದು ಒಳ್ಳೆಯ ಭೂತಗನ್ನಡಿ ಮತ್ತು ಸ್ವಲ್ಪ ತರಬೇತಿ. ಇನ್ನೊಂದು, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಉಡವನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಆ ಕಟ್ಟು ಸರಿಯಾದದ್ದೇ, ಸಡಿಲಿಸಬೇಕಿಲ್ಲ. ಉಣ್ಣಿ ಬಹುಕಾಲ ಇರುವುದು ಬಿಲ, ಸಂದಿಗಳಲ್ಲಾದ್ದರಿಂದ ಅಲ್ಲಿನ ಶಾಖ, ತೇವ ಅಳೆದು, ದೂಳು ಜರಡಿ ಹಿಡಿದು ಅರ್ಧ ಕೆಲಸವನ್ನು ಉಡ ಮುಟ್ಟದೆಯೇ ಮಾಡಬಹುದು. ಉಳಿದರ್ಧಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಕೆಲವು ಉಡಗಳನ್ನು ಹಿಡಿದು, ಕಂಕುಳು, ಮೂಗಿನ ಹೊಳ್ಳೆ, ಬಾಲದ ಬುಡ ನೋಡಿ ಅಲ್ಲೇ ಬಿಟ್ಟರೆ ಸಾಕು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ಎರಡೂ ಚಿಂಚೋಳಿಗೆ ದೂರವಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ಒಳಗೊಂಡ ಎಣಿಕೆಯಿಂದ ಅವು ಶುರುಮಾಡಬಹುದು.