ಮುಡಿಪು, ಮೇವು, ಮೋಟಾರು: ತೂಬಗೆರೆ ಸೀಮೆಯ ಬೇಸಿಗೆ ಪಯಣಗಳ ಇತಿಹಾಸ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿಗೆ ಸೇರಿದ ತೂಬಗೆರೆಯು ಒಂದು ಹೋಬಳಿಯ, ಅಂದರೆ ಹಲವು ಗ್ರಾಮಗಳನ್ನು ಒಟ್ಟುಗೂಡಿಸಿದ ಕಂದಾಯ ವಿಭಾಗದ, ಕೇಂದ್ರವಾಗಿದ್ದು, ಬಯಲುಸೀಮೆಯ ಹೊಲಗಳು ಮುಗಿದು ನಂದಿ ಬೆಟ್ಟಸಾಲು ಏಳತೊಡಗುವ ಎಡೆಯಲ್ಲಿದೆ. ಘಾಟಿ ಸುಬ್ರಹ್ಮಣ್ಯ ಕ್ಷೇತ್ರ, ಕೋಟೆಯುಳ್ಳ ಮಾಕಳಿದುರ್ಗ, ಅರ್ಕಾವತಿಯ ಉಗಮಸ್ಥಾನವಾದ ನಂದಿಬೆಟ್ಟ, ಈ ಮೂರೂ ಇಲ್ಲಿಂದ ದೂರವಲ್ಲ. ಬೆಟ್ಟವನ್ನು ನೋಡಲೆಂದೇ ಊರು ಬಿಡಬೇಕಾದ ಅಗತ್ಯ ಈ ಸೀಮೆಯ ಜನರಿಗೆ ಎಂದೂ ಇರಲಿಲ್ಲ. ಆದರೂ ಮನೆಮಂದಿಯೆಲ್ಲ ಕೂಡಿ, ಮೊದಲೇ ದಿನ ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು ಬೆಟ್ಟದ ಕಡೆಗೆ ಹೊರಡುವ ಪದ್ಧತಿ ಇಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಇಂದು ಕುಟುಂಬ ಪ್ರವಾಸವೆಂದು ಕರೆಯಲಾಗುವ ಬೇಸಿಗೆಯ ಓಡಾಟವು ಅದರದೇ ಮುಂದುವರಿಕೆಯೆಂದು ಹೇಳಲು ಸಾಕಷ್ಟು ಆಧಾರಗಳಿವೆ. ಬೇಸಿಗೆಯಲ್ಲಿ ತಂಪು ಅರಸಿ ಬೆಟ್ಟಕ್ಕೆ ಹೋಗುವುದನ್ನು ಕಲಿಸಿದವರು ಬ್ರಿಟಿಷರೆಂಬ ಮಾತು ಅರ್ಧ ಮಾತ್ರ ಸರಿ. ಹರಕೆಯ ಯಾತ್ರೆ ಮತ್ತು ಬಂಗಲೆಯ ವಿಶ್ರಾಂತಿ ಎಂಬ ಎರಡು ಬೇರೆ ಬೇರೆ ರೂಢಿಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೇ ರಸ್ತೆಗೆ ಬಂದು ಸೇರಿದ್ದರಿಂದ ಈಗಿನ ಪ್ರವಾಸ ಹುಟ್ಟಿತು.

ಹರಕೆಯ ಯಾತ್ರೆಯ ಸಿದ್ಧತೆ ಹೊರಡುವ ದಿನಕ್ಕಿಂತ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಮೊದಲೇ ಆರಂಭವಾಗುತ್ತಿತ್ತು. ಮಗುವಿಗೆ ಕಾಯಿಲೆ ಬಂದಾಗ, ಎತ್ತು ಮಲಗಿದಾಗ, ಮದುವೆಯಾದ ಮಗಳಿಗೆ ಮಕ್ಕಳಾಗದಿದ್ದಾಗ ಮನೆಯ ಹಿರಿಯ ಹೆಂಗಸು ಅರಿಶಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವಿಟ್ಟು ಗಂಟು ಹಾಕಿ ದೇವರ ಗೂಡಿನಲ್ಲಿ ಇರಿಸುತ್ತಿದ್ದಳು. ಇದಕ್ಕೆ ಮುಡಿಪು ಕಟ್ಟುವುದು ಎನ್ನುತ್ತಾರೆ. ಆ ಗಂಟು ಗೂಡಿನಲ್ಲಿರುವಷ್ಟು ದಿನ ಆ ಮನೆ ದೇವರಿಗೆ ಸಾಲಗಾರ. ಕೂಡಿಟ್ಟ ಪುಡಿಗಾಸು ಅದರ ಜೊತೆಗೇ ಸೇರುತ್ತಿದ್ದುದರಿಂದ, ಮುಡಿಪು ಭಕ್ತಿಯ ಗುರುತೂ ಆಗಿತ್ತು, ಪ್ರಯಾಣದ ಖರ್ಚಿನ ಉಳಿತಾಯವೂ ಆಗಿತ್ತು. ಘಾಟಿಯಲ್ಲಿ ಮರದ ಬುಡಗಳ ಕಟ್ಟೆಗಳ ಮೇಲೆ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳು, ಅಂದರೆ ಹೆಡೆಯೆತ್ತಿದ ಅಥವಾ ಹೆಣೆದುಕೊಂಡ ನಾಗಗಳನ್ನು ಕೆತ್ತಿದ ಶಿಲೆಗಳು, ಸಂತಾನಕ್ಕಾಗಿ ಹರಕೆ ಹೊತ್ತ ಕುಟುಂಬಗಳು ಪ್ರತಿಷ್ಠಾಪಿಸಿದವು. ಹಳೆಯ ಕಲ್ಲುಗಳ ಕೆತ್ತನೆ ಅರಿಶಿನ, ಕುಂಕುಮ, ಎಣ್ಣೆಗಳಿಂದ ಸವೆದು ನುಣುಪಾಗಿದ್ದರೆ, ಪಕ್ಕದಲ್ಲೇ ಉಳಿಯ ಗುರುತು ಮಾಸದ ಹೊಸ ಕಲ್ಲುಗಳಿರುತ್ತವೆ. ಪ್ರತಿಯೊಂದು ಕಲ್ಲಿನ ಹಿಂದೆಯೂ ಒಂದು ಕುಟುಂಬದ ಕನಿಷ್ಠ ಒಂದು ಪಯಣವಿದೆ.

ಯಾತ್ರೆಯ ಕಾಲವನ್ನು ಗೊತ್ತುಮಾಡುತ್ತಿದ್ದುದು ಮನೆಯವರ ಬಿಡುವಿಗಿಂತ ಹೆಚ್ಚಾಗಿ ಎತ್ತುಗಳ ಬಿಡುವು. ರಾಗಿಯ ಕುಯ್ಲು, ಕಣಗೆಲಸ ಮುಗಿದ ಮೇಲೆ, ಮುಂಗಾರು ಮಳೆಗೆ ಮೊದಲು, ಉಳುಮೆಯ ಎತ್ತುಗಳಿಗೆ ಕೆಲಸ ಕಡಿಮೆ. ಘಾಟಿಯ ಬ್ರಹ್ಮರಥೋತ್ಸವವು ಪುಷ್ಯ ಶುದ್ಧ ಷಷ್ಠಿಯಂದು ನಡೆಯುತ್ತದೆ. ಅದಕ್ಕೆ ಹೊಂದಿಕೊಂಡು ಹಳ್ಳಿಕಾರ್ ತಳಿಯ ಎತ್ತುಗಳಿಗೆ ಹೆಸರಾದ ದನಗಳ ಜಾತ್ರೆ ಸೇರುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರನ ತೇರು ಮಹಾಶಿವರಾತ್ರಿಗೆ. ಯುಗಾದಿಗೆ ಹೊನ್ನಾರು ಕಟ್ಟಿ, ಅಂದರೆ ವರ್ಷದ ಮೊದಲ ಉಳುಮೆಯ ಶಾಸ್ತ್ರ ಮುಗಿಸಿ, ಮಳೆಗಾಗಿ ಕಾಯುವ ಚೈತ್ರ ವೈಶಾಖಗಳಲ್ಲಿ ಮದುವೆ, ದೇವರ ಕಾರ್ಯ, ನೆಂಟರ ಮನೆಯ ಓಡಾಟ. ಹೀಗೆ ಜಾತ್ರೆಯಲ್ಲಿ ಕೊಂಡ ಹೊಸ ಎತ್ತಿನ ಜೋಡಿಯನ್ನು ಶಿವರಾತ್ರಿಯ ಹೊತ್ತಿಗೆ ಗಾಡಿಗೆ ಪಳಗಿಸಿ, ಬೇಸಿಗೆಯಲ್ಲಿ ದೂರದ ದಾರಿಗೆ ಹೂಡುವ ಕ್ರಮ ಒಕ್ಕಲುತನಕ್ಕೂ ಯಾತ್ರೆಗೂ ಒಟ್ಟಿಗೆ ಒದಗಿಬರುತ್ತಿತ್ತು.

ಬೇಸಿಗೆಯ ದಾರಿಯ ಮುಖ್ಯ ಪ್ರಶ್ನೆ ನೀರು. ಮೈಸೂರು ಸೀಮೆಯ ಈ ಪೂರ್ವಭಾಗದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅರ್ಕಾವತಿಯೂ ಮಳೆಗಾಲದ ನದಿಯೇ, ಅದರ ನೀರನ್ನು ಕೆರೆಯಿಂದ ಕೆರೆಗೆ ತಡೆದು ನಿಲ್ಲಿಸಿದ್ದರಿಂದಲೇ ಊರುಗಳು ಬದುಕಿದವು. ಆದ್ದರಿಂದ ಗಾಡಿಯ ದಾರಿಯನ್ನು ನಿರ್ಧರಿಸುವವರು ಹತ್ತಿರದ ದಾರಿಯನ್ನಲ್ಲ, ಬೇಸಿಗೆಯಲ್ಲೂ ಬತ್ತದ ಕೆರೆ, ಕಲ್ಯಾಣಿ, ಮೆಟ್ಟಿಲುಬಾವಿ ಸಿಗುವ ದಾರಿಯನ್ನು ಆರಿಸುತ್ತಿದ್ದರು. ಬಿಸಿಲೇರುವ ಮೊದಲು ಒಂದು ನಡೆ, ಇಳಿಹೊತ್ತಿನಲ್ಲಿ ಮತ್ತೊಂದು. ನಡುವೆ ತೋಪಿನ ನೆರಳಲ್ಲಿ ಎತ್ತುಗಳನ್ನು ಬಿಚ್ಚಿ ಮೇವು ಹಾಕುವ ತಂಗು. ದಾರಿಬದಿಯ ಸಾಲುಮರಗಳು, ಬೇಸಿಗೆಯ ತಿಂಗಳುಗಳಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳು, ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಎತ್ತಿಕೊಳ್ಳಲು ಆಳೆತ್ತರದಲ್ಲಿ ನಿಲ್ಲಿಸಿದ ಕಲ್ಲುಗಳು, ರಾತ್ರಿಗೆ ಛತ್ರಗಳು, ಇವೆಲ್ಲ ಧರ್ಮಕಾರ್ಯಗಳೆಂದು ಕಟ್ಟಲ್ಪಟ್ಟವು. ಪ್ರಯಾಣದ ಲೆಕ್ಕಾಚಾರವೆಲ್ಲ ನಿಂತಿದ್ದುದು ಇವುಗಳ ಮೇಲೆಯೇ.

ಹೆಂಗಸರು ಮಕ್ಕಳು ಕೂರಲು ಬಿದಿರಿನ ದಬ್ಬೆಗಳನ್ನು ಬಾಗಿಸಿ ಚಾಪೆ ಹೊದಿಸಿದ ಕಮಾನು ಗಾಡಿ, ತಳಕ್ಕೆ ಮೆತ್ತನೆಯ ಹುಲ್ಲು, ಮೇಲೊಂದು ಜಮಖಾನ. ತಳದ ಆ ಹುಲ್ಲೇ ದಾರಿಯಲ್ಲಿ ಎತ್ತಿನ ಮೇವೂ ಆಗುತ್ತಿತ್ತಾದ್ದರಿಂದ, ಊರಿಗೆ ಮರಳುವಾಗ ಗಾಡಿಯ ಕುಲುಕಾಟ ಹೆಚ್ಚಾಗಿರುತ್ತಿದ್ದುದು ಸಹಜ. ಗಾಡಿಯ ಕೆಳಗೆ ಕೀಲೆಣ್ಣೆಯ ಬಿದಿರಿನ ಗೊಟ್ಟ ತೂಗುತ್ತಿತ್ತು. ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಈ ಕಪ್ಪು ಜಿಡ್ಡನ್ನು ಅಚ್ಚು ತಿರುಗುವೆಡೆಯಲ್ಲಿ ಸವರದೆ ಏರುದಾರಿಗೆ ಗಾಡಿ ಹೂಡುವಂತಿರಲಿಲ್ಲ. ಬುತ್ತಿಯ ವಿಷಯದಲ್ಲೂ ಅನುಭವದ ತೀರ್ಮಾನವಿತ್ತು. ಮುದ್ದೆ ಬಿಸಿಯಿದ್ದಾಗಲೇ ಉಣ್ಣುವ ಆಹಾರವಾದ್ದರಿಂದ ದಾರಿಗೆ ಒದಗುತ್ತಿರಲಿಲ್ಲ. ಮೊದಲ ದಿನಕ್ಕೆ ಹುಳಿಯನ್ನ, ರೊಟ್ಟಿ, ಆಮೇಲಿನ ದಿನಗಳಿಗೆ ಬೆಲ್ಲ ಬೆರೆಸಿ ನೀರಲ್ಲಿ ಕಲಸಿದರೆ ಊಟವಾಗುವ ರಾಗಿ ಹುರಿಹಿಟ್ಟು, ಜೊತೆಗೆ ತಂಬಿಟ್ಟು. ಒಲೆ ಹೂಡಲು ಮೂರು ಕಲ್ಲು ಎಲ್ಲಿಯಾದರೂ ಸಿಗುತ್ತವೆ, ಸೌದೆ ಮಾತ್ರ ಎಲ್ಲ ಕಡೆ ಸಿಗದು ಎಂಬುದನ್ನು ಬಲ್ಲವರು ಅದನ್ನೂ ಗಾಡಿಗೇರಿಸುತ್ತಿದ್ದರು.

ಎರಡನೆಯ ರೂಢಿಯಾದ ಬಂಗಲೆಯ ವಿಶ್ರಾಂತಿಯ ಮೂಲ ನಂದಿದುರ್ಗದ, ಅಂದರೆ ನಂದಿಬೆಟ್ಟದ, ಮೇಲಿದೆ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಈ ಬೆಟ್ಟವು ಬೆಂಗಳೂರಿಗಿಂತ ಐನೂರು ಮೀಟರಿಗೂ ಹೆಚ್ಚು ಮೇಲಿದ್ದು, ಎತ್ತರ ಏರಿದಂತೆ ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುವ ನಿಯಮದಂತೆ ಬಯಲಿಗಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರುತ್ತದೆ. ಟಿಪ್ಪು ಸುಲ್ತಾನನ ಬೇಸಿಗೆಯ ಬಿಡಾರವೆಂದು ತೋರಿಸಲಾಗುವ ಕಟ್ಟಡ ಅಲ್ಲಿ ಇಂದಿಗೂ ಇದೆಯಾದರೂ, ಆ ಕಾಲದಲ್ಲಿ ಬೆಟ್ಟ ಮುಖ್ಯವಾಗಿ ಕೋಟೆಯಾಗಿತ್ತೇ ಹೊರತು ವಿಹಾರಸ್ಥಳವಾಗಿರಲಿಲ್ಲ. 1791ರ ಅಕ್ಟೋಬರಿನಲ್ಲಿ, ಟಿಪ್ಪುವಿನ ವಿರುದ್ಧ ದಂಡೆತ್ತಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಮೇಜರ್ ಗೌಡಿಯ ತುಕಡಿ ಕೋಟೆಯನ್ನು ಹಿಡಿದಾಗ, ಕಡಿದಾದ ಇಳಿಜಾರಿನಲ್ಲಿ ತೋಪುಗಳನ್ನು ಮೇಲೇರಿಸಲು ದಾರಿ ಕಡಿಯಬೇಕಾಯಿತು, ಆ ಭಾರವನ್ನು ಎಳೆಯಲು ಆನೆಗಳನ್ನು ಬಳಸಬೇಕಾಯಿತು. ಈ ಬೆಟ್ಟದ ರಸ್ತೆಯ ಇತಿಹಾಸವನ್ನು ಬರೆಯುವವರು ಪ್ರವಾಸಿಗಳಿಗಿಂತ ಮೊದಲು ಆ ಆನೆಗಳನ್ನು ನೆನೆಯಬೇಕು.

ಮೈಸೂರು 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಒಳಪಟ್ಟ ಮೇಲೆ ಬೆಟ್ಟದ ಗುಣವೇ ಬದಲಾಯಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯನ್ನು ಕಳೆಯಲು ನಂದಿಯ ಮೇಲೆ ಮನೆ ಕಟ್ಟಿಸಿದನು. ಇತರ ಅಧಿಕಾರಿಗಳೂ ಅದೇ ದಾರಿ ಹಿಡಿದರು. ಮದ್ರಾಸ್ ಸರ್ಕಾರಕ್ಕೆ ಊಟಿ ಇದ್ದಂತೆ ಬೆಂಗಳೂರಿನ ಅಧಿಕಾರಿಗಳಿಗೆ ನಂದಿ ಒದಗಿತಾದರೂ, ಬೆಂಗಳೂರೇ ತಕ್ಕಮಟ್ಟಿಗೆ ತಂಪಾದ ಊರಾಗಿದ್ದುದರಿಂದ ಅದು ಊಟಿಯಂತೆ ಪೇಟೆಯಾಗಿ ಬೆಳೆಯಲಿಲ್ಲ. ಇದು ಬೆಟ್ಟದ ಅದೃಷ್ಟವೆಂದೇ ಹೇಳಬೇಕು. ಅದೇ ಕಮಿಷನರುಗಳ ಕಾಲದಲ್ಲಿ ಸಂಪಾಜೆ, ಮಂಜರಾಬಾದ್, ಆಗುಂಬೆ ಮುಂತಾದ ಘಟ್ಟದ ದಾರಿಗಳು ಗಾಡಿ ಓಡಾಡುವ ರಸ್ತೆಗಳಾದವು. ಕಾಫಿ ಮತ್ತು ವ್ಯಾಪಾರದ ಸರಕಿಗಾಗಿ ಬೆಳೆದ ಆ ರಸ್ತೆಗಳೇ ಮುಂದೆ ಬಯಲುಸೀಮೆಯ ಯಾತ್ರಿಕರನ್ನು ಕುಕ್ಕೆ, ಧರ್ಮಸ್ಥಳ, ಶೃಂಗೇರಿಗಳಿಗೆ ಒಯ್ದವು. ಕುಕ್ಕೆಯನ್ನು ಆದಿ, ಘಾಟಿಯನ್ನು ಮಧ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಅಂತ್ಯ ಸುಬ್ರಹ್ಮಣ್ಯವೆಂದು ಎಣಿಸುವ ನಂಬಿಕೆಯಿರುವುದರಿಂದ, ಘಾಟಿಯ ನೆರೆಯವರಿಗೆ ಘಟ್ಟ ಇಳಿದು ಕುಕ್ಕೆಗೆ ಹೋಗಿಬರುವುದು ಪರಸ್ಥಳದ ಯಾತ್ರೆಯೆನ್ನುವುದಕ್ಕಿಂತ ಮನೆದೇವರ ಮೂಲವನ್ನು ಕಂಡುಬರುವ ಕಾರ್ಯವಾಗಿತ್ತು.

ಅಧಿಕಾರಿಗಳ ಬೆಟ್ಟ ಸಾರ್ವಜನಿಕರ ಮನಸ್ಸಿನೊಳಗೆ ಬಂದದ್ದು 1927ರ ಬೇಸಿಗೆಯಲ್ಲಿ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಪ್ರವಾಸದ ನಡುವೆ ರಕ್ತದೊತ್ತಡ ಏರಿ ಆರೋಗ್ಯ ಕೆಟ್ಟ ಗಾಂಧೀಜಿಯವರಿಗೆ ವೈದ್ಯರು ತಂಪು ಹವೆಯ ವಿಶ್ರಾಂತಿಯನ್ನು ವಿಧಿಸಿದಾಗ ನಂದಿಯನ್ನು ಆರಿಸಲಾಯಿತು. ಏಪ್ರಿಲಿನಲ್ಲಿ ಬಂದ ಅವರು ಜೂನ್ ಮೊದಲ ವಾರದವರೆಗೆ ಬೆಟ್ಟದ ಮೇಲೆ ತಂಗಿದ್ದರು. ಅಂದು ಅವರನ್ನು ಕುರ್ಚಿಯಲ್ಲಿ ಹೊತ್ತು ಮೇಲಕ್ಕೆ ತರಬೇಕಾಗಿತ್ತು. 1936ರ ಮೇ ತಿಂಗಳಲ್ಲಿ ಮತ್ತೆ ಬಂದಾಗ ಅವರು ನಡೆದೇ ಬೆಟ್ಟ ಹತ್ತಿದರು. ಅವರು ತಂಗಿದ್ದ ಕಟ್ಟಡ ಇಂದು ಗಾಂಧಿ ನಿಲಯವೆಂದು ಹೆಸರಾಗಿದೆ. ದರ್ಶನಕ್ಕೆಂದು ಬೆಟ್ಟ ಹತ್ತಿದ ಜನರಿಗೆ ಯಾತ್ರೆ ಯಾವುದು, ವಿಹಾರ ಯಾವುದು ಎಂದು ಬೇರ್ಪಡಿಸುವ ಗೊಡವೆ ಇರಲಿಲ್ಲ.

ಅಷ್ಟರಲ್ಲಿ ಗಾಡಿಯ ಏಕಸ್ವಾಮ್ಯ ಮುರಿದಿತ್ತು. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮೂಲಕ ಹಿಂದೂಪುರದ ಕಡೆಗೆ ಸಾಗುವ ಮೀಟರ್ ಗೇಜ್ ರೈಲುದಾರಿ 1890ರ ದಶಕದಲ್ಲಿ ತೆರೆದು, ಮಾಕಳಿದುರ್ಗದ ಬುಡವನ್ನು ಬಳಸಿ ಹೋಗಿತ್ತು. 1915ರ ಸುಮಾರಿಗೆ ದೇವನಹಳ್ಳಿ, ನಂದಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯ, ಲಘು ರೈಲು ಬಂದಿತು. ತೂಬಗೆರೆ ಈ ಎರಡು ಹಳಿಗಳ ನಡುವೆ ಉಳಿಯಿತು. ಅದನ್ನು ನಿಜವಾಗಿ ಹೊರಗಿನೊಂದಿಗೆ ಬೆಸೆದದ್ದು ಬಸ್ಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಲಿನ ಅನಿಲದಲ್ಲಿ ಓಡುತ್ತಿದ್ದ ಖಾಸಗಿ ಬಸ್ಸುಗಳು ಏರು ಬಂದಾಗ ಪ್ರಯಾಣಿಕರನ್ನು ಇಳಿಸಿ ನಡೆಸುತ್ತಿದ್ದವು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಗಿ, 1961ರಲ್ಲಿ ಅದು ನಿಗಮವಾಯಿತು.

ಬಸ್ಸು ಬಂದೊಡನೆ ಪ್ರಯಾಣದ ಲೆಕ್ಕದಿಂದ ಮೇವು ಮತ್ತು ನೀರು ಕಳಚಿಬಿದ್ದವು. ಇದು ಸಣ್ಣ ಬದಲಾವಣೆಯಲ್ಲ. ಎತ್ತಿನ ಬಿಡುವಿನ ಬದಲು ಶಾಲೆಯ ಬಿಡುವು ಮುಖ್ಯವಾಯಿತು. ಏಪ್ರಿಲ್ ಮೇ ತಿಂಗಳ ರಜೆ ಯಾತ್ರೆಯ ಕಾಲವಾಗಿ, ತಿಥಿ ನೋಡಿ ಹೊರಡುತ್ತಿದ್ದವರು ತಾರೀಖು ನೋಡಿ ಹೊರಡತೊಡಗಿದರು. ನಾಲ್ಕಾರು ಮನೆಗಳು ಹಣ ಕೂಡಿಸಿ ಬಸ್ಸನ್ನೋ ವ್ಯಾನನ್ನೋ ಬಾಡಿಗೆಗೆ ಹಿಡಿದು, ಒಂದೇ ಸುತ್ತಿನಲ್ಲಿ ಸಕಲೇಶಪುರದ ಘಟ್ಟ ಇಳಿದು ಕುಕ್ಕೆ, ಧರ್ಮಸ್ಥಳ ಮುಗಿಸಿ, ಚಾರ್ಮಾಡಿ ಹತ್ತಿ ಹೊರನಾಡು, ಶೃಂಗೇರಿ ನೋಡಿ ಮರಳುವ ಕ್ರಮ ಇಡೀ ಬಯಲುಸೀಮೆಯಲ್ಲಿ ಹಬ್ಬಿತು. ಹಿಂದೆ ಒಂದು ಹರಕೆಗೆ ಒಂದು ಪಯಣ. ಈಗ ಒಂದು ಪಯಣಕ್ಕೆ ಹತ್ತು ದೇವರು. ದೇವಸ್ಥಾನಗಳ ನಡುವೆ ಒಂದು ಜಲಪಾತ, ಒಂದು ತೋಟ, ಒಂದು ವೀಕ್ಷಣಾ ಕಟ್ಟೆ ಸೇರಿಕೊಂಡದ್ದು ಈ ಹಂತದಲ್ಲಿಯೇ. ಮುಡಿಪಿನ ಗಂಟು ದೇವರ ಗೂಡಿನಲ್ಲಿಯೇ ಉಳಿದರೂ, ಖರ್ಚಿಗೆ ಒದಗಿದ್ದು ಚೀಟಿ ಎತ್ತಿದ ಹಣ.

1986 ಈ ಸೀಮೆಗೆ ಎರಡು ಕಾರಣಗಳಿಂದ ಮುಖ್ಯವಾದ ವರ್ಷ. ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರ ಪ್ರತ್ಯೇಕ ಜಿಲ್ಲೆಯಾಯಿತು; ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸೇರಿದ ಸಾರ್ಕ್ ಶೃಂಗಸಭೆಯ ನಾಯಕರು ನಂದಿಗೆ ಬಂದುಹೋದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಪಯಣದ ದಿಕ್ಕೇ ತಿರುಗಿತು: ತೂಬಗೆರೆಯವರು ಹೊರಗೆ ಹೋಗುತ್ತಿದ್ದ ದಾರಿಗಳಲ್ಲಿ ವಾರದ ಕೊನೆಗೆ ಬೆಂಗಳೂರಿನ ಕಾರುಗಳು ಒಳಗೆ ಬರತೊಡಗಿದವು. ನಂದಿಯ ಮೇಲೆ ಸೂರ್ಯೋದಯ, ಘಾಟಿಯಲ್ಲಿ ದರ್ಶನ, ಮಾಕಳಿದುರ್ಗದ ಚಾರಣ ಎಂಬ ಒಂದು ದಿನದ ಸುತ್ತು ರೂಢಿಗೆ ಬಂದಿತು. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ನಂದಿಯ ಇಳಿಜಾರು ಕುಸಿದು ರಸ್ತೆ ಕೊಚ್ಚಿಹೋದಾಗ ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತ್ತು. ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೆಟ್ಟದ ಪಯಣವಿಲ್ಲವೆಂಬುದನ್ನು ಹಳೆಯ ಗಾಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಇತಿಹಾಸದ ಎರಡು ಪಾಲುಗಳಲ್ಲಿ ಒಂದಕ್ಕೆ ಮಾತ್ರ ಕಾಗದಪತ್ರದ ಆಧಾರವಿದೆ. ಕೋಟೆಯ ಮುತ್ತಿಗೆ, ಕಮಿಷನರನ ಮನೆ, ಗಾಂಧೀಜಿಯ ವಿಶ್ರಾಂತಿ ಗೆಜೆಟಿಯರುಗಳಲ್ಲಿಯೂ ಚರಿತ್ರೆಯ ಗ್ರಂಥಗಳಲ್ಲಿಯೂ ಸೇರಿವೆ. ಮುಡಿಪು ಕಟ್ಟಿ ಗಾಡಿ ಹೂಡಿದ ಮನೆಗಳ ಪಯಣಕ್ಕೆ ಸಾಕ್ಷಿಯಾಗಿ ಉಳಿದಿರುವವು ದಾರಿಬದಿಯ ತಂಗುಮಂಟಪ, ಕಲ್ಯಾಣಿ, ಹೊರೆಯಿಳಿಸುವ ಕಲ್ಲು, ನಾಗರಕಟ್ಟೆ, ಮತ್ತು ಕಮಾನು ಗಾಡಿಯಲ್ಲಿ ಕುಳಿತು ಹೋದ ನೆನಪುಳ್ಳ ಕೆಲವು ಹಿರಿಯರು. ರಸ್ತೆ ಅಗಲೀಕರಣ ಭರದಿಂದ ಸಾಗಿರುವ ಈ ತಾಲ್ಲೂಕಿನಲ್ಲಿ ಇವುಗಳ ಗ್ರಾಮವಾರು ಪಟ್ಟಿಯನ್ನು ಚಿತ್ರಸಹಿತವಾಗಿ ಸಿದ್ಧಪಡಿಸುವ ಕೆಲಸವನ್ನು ಗ್ರಾಮ ಪಂಚಾಯಿತಿಗಳೂ ಶಾಲಾ ಕಾಲೇಜುಗಳೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.