ಬ್ರಸೆಲ್ಸ್ ನಗರದ ಗಿಟಾರ್ ಸ್ಪರ್ಧೆ

ಗಿಟಾರ್ ಎಂಬುದು ನಮ್ಮ ವೀಣೆಯಂತೆಯೇ ಮೆಟ್ಟಿಲುಗಳುಳ್ಳ, ಬೆರಳುಗಳಿಂದ ಮೀಟತಕ್ಕ ತಂತೀವಾದ್ಯವು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನ ಮಹಾನಗರಗಳಲ್ಲಿ ಅದಕ್ಕಿದ್ದ ಮನ್ನಣೆಯು ಸಾಮಾನ್ಯವಾದುದಲ್ಲ. ವಿಯೆನ್ನಾದಲ್ಲಿ ಜೂಲಿಯಾನಿಯೂ ಪ್ಯಾರಿಸ್ಸಿನಲ್ಲಿ ಸೋರನೂ ಅದನ್ನು ವಿದ್ವತ್ಸಭೆಯಲ್ಲಿ ಕುಳ್ಳಿರಿಸಿದ್ದರು. ಆದರೆ 1829ರಲ್ಲಿ ಜೂಲಿಯಾನಿಯೂ 1839ರಲ್ಲಿ ಸೋರನೂ ಕಾಲವಶರಾದರು. ಅಷ್ಟರಲ್ಲಿ ಪಿಯಾನೋ ವಾದ್ಯವು ಗೃಹಗಳನ್ನೂ ಸಭಾಮಂದಿರಗಳನ್ನೂ ಆಕ್ರಮಿಸಿತು. ಗಿಟಾರಿನ ದನಿ ಮೃದುವಾದುದು. ದೊಡ್ಡ ಸಭೆಯ ಕಡೆಯ ಸಾಲಿಗೆ ಮುಟ್ಟದು. ಶತಮಾನದ ನಡುವಿನ ವೇಳೆಗೆ ಅದು ಹಾಡುವವರ ಹಿಮ್ಮೇಳಕ್ಕೆ ಸಾಕಾದ ವಾದ್ಯವೆಂದು ಅನೇಕರು ಎಣಿಸತೊಡಗಿದರು.

ಈ ಅವಜ್ಞೆಯನ್ನು ಸಹಿಸಲಾರದವನು ರಷ್ಯಾ ದೇಶದ ಕುಲೀನ ಗೃಹಸ್ಥನಾದ ನಿಕೊಲಾಯ್ ಪೆಟ್ರೊವಿಚ್ ಮಕಾರೊವ್. ಈತನು ನಿಘಂಟುಕಾರನೂ ಅಹುದು. ಕೋಶ ರಚಿಸುವವನ ಹಟವು ಈತನ ಸಂಗೀತಪ್ರೇಮದಲ್ಲಿಯೂ ಕಾಣುತ್ತದೆ. ರಷ್ಯಾವು ಇತರ ರಾಜ್ಯಗಳೊಡನೆ ಮಾಡುತ್ತಿದ್ದ ಕ್ರಿಮಿಯಾ ಯುದ್ಧವು 1856ನೆಯ ಇಸವಿಯ ಮಾರ್ಚಿಯಲ್ಲಿ ಮುಗಿದಿತ್ತು. ಪೀಟರ್ಸ್‌ಬರ್ಗಿಗೂ ವಾರ್ಸಾಕ್ಕೂ ರೈಲುಮಾರ್ಗವು ಪೂರ್ಣವಾದದ್ದು 1862ರಲ್ಲಿ; ಆದುದರಿಂದ ಭೂಮಾರ್ಗವಾಗಿ ರಷ್ಯಾದಿಂದ ಹೊರಡುವವನಿಗೆ ಆಗಿನ್ನೂ ಕುದುರೆಗಾಡಿಯೇ ಗತಿ. ಇಂಥ ಕಾಲದಲ್ಲಿ ಮಕಾರೊವನು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರವನ್ನು ಸೇರಿ, ತನ್ನ ಸ್ವಂತ ಹಣದಿಂದ ಬಹುಮಾನಗಳನ್ನಿಟ್ಟು ಸ್ಪರ್ಧೆಯನ್ನು ಏರ್ಪಡಿಸಿದನು.

ಇದು ವಾದಕರ ಕೈಚಳಕದ ಸ್ಪರ್ಧೆಯಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ವಾದ್ಯವು ಕ್ಷೀಣಿಸಿದ್ದು ನುಡಿಸಲು ಒಳ್ಳೆಯ ಹೊಸ ಕೃತಿಗಳಿಲ್ಲದ್ದರಿಂದ, ಮತ್ತು ದನಿಯ ಬಲ ಸಾಲದ್ದರಿಂದ. ಆದಕಾರಣ ಶ್ರೇಷ್ಠ ಕೃತಿಗೂ ಶ್ರೇಷ್ಠ ವಾದ್ಯಕ್ಕೂ ಬಹುಮಾನ. ರೋಗಕ್ಕೆ ತಕ್ಕ ಚಿಕಿತ್ಸೆಯೆಂದೇ ಹೇಳಬೇಕು. 31 ಮಂದಿ ರಚನಕಾರರಿಂದ 64 ಕೃತಿಗಳು ಬಂದುವು. ತೀರ್ಪುಗಾರರಲ್ಲಿ ಸೆಲ್ಲೋ ವಿದ್ವಾಂಸನಾದ ಸೆರ್ವೆ, ಪಿಟೀಲು ವಿದ್ವಾಂಸನಾದ ಲೆಯೊನಾರ್ ಮೊದಲಾದವರಿದ್ದರು.

ಮೊದಲನೆಯ ಬಹುಮಾನವು ವಿಯೆನ್ನಾದ ಯೋಹಾನ್ ಕಾಸ್ಪರ್ ಮೆರ್ಟ್ಸನ 'ಕನ್ಸರ್ಟಿನೋ' ಎಂಬ ಕೃತಿಗೆ ಸಂದಿತು. ಈತನ ವೃತ್ತಾಂತವನ್ನು ತುಸು ವಿಸ್ತರಿಸುವುದು ಉಚಿತ. ಈಗ ಬ್ರಾಟಿಸ್ಲಾವಾ ಎನಿಸಿಕೊಂಡಿರುವ ಪ್ರೆಸ್‌ಬರ್ಗಿನಲ್ಲಿ 1806ರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ನೆಲಸಿದ್ದ ಈತನು 1846ರಲ್ಲಿ ನರಶೂಲೆಗಾಗಿ ಸೇವಿಸಿದ ಸ್ಟ್ರಿಕ್ನಿನ್ ಎಂಬ ಔಷಧದ ಪ್ರಮಾಣವು ಮಿತಿಮೀರಿ ಮರಣದ ಬಾಗಿಲಿಗೆ ಹೋಗಿ ಬಂದನು. ಪತ್ನಿಯಾದ ಯೋಸೆಫೀನೆಯು ಪಿಯಾನೋ ವಾದನದಲ್ಲಿ ನಿಪುಣೆ. ದೀರ್ಘಕಾಲ ಪತಿಯ ಶುಶ್ರೂಷೆ ಮಾಡಿದಳು. ಹಾಸಿಗೆಯಲ್ಲಿ ಮಲಗಿ ಆಕೆಯ ವಾದನವನ್ನು ಕೇಳಿದ್ದರಿಂದಲೇ ಆತನ ಕೃತಿಗಳಿಗೆ ಪಿಯಾನೋ ಸಂಗೀತದ ಗಾಂಭೀರ್ಯವು ಬಂದಿತೆಂದು ಕೆಲವು ವಿಮರ್ಶಕರ ಊಹೆ. ಊಹೆಯು ನಿಜವಾದರೆ, ಗಿಟಾರನ್ನು ಮೂಲೆಗೊತ್ತಿದ ವಾದ್ಯವೇ ಅದರ ಕೈಹಿಡಿದಂತಾಯಿತು.

ತೀರ್ಪು ಹೊರಬಿದ್ದುದು ಡಿಸೆಂಬರಿನಲ್ಲಿ. ಮೆರ್ಟ್ಸನು ಅಕ್ಟೋಬರ್ 14ನೆಯ ದಿನವೇ ವಿಯೆನ್ನಾದಲ್ಲಿ ತೀರಿಕೊಂಡಿದ್ದನು. ತನಗೆ ಪ್ರಥಮಸ್ಥಾನ ಬಂದಿತೆಂಬ ಮಾತು ಆತನ ಕಿವಿಗೆ ಬೀಳಲಿಲ್ಲ.

ಎರಡನೆಯ ಬಹುಮಾನವು ಪ್ಯಾರಿಸ್ಸಿನ ನೆಪೋಲಿಯನ್ ಕೋಸ್ತನಿಗೆ. ವಾದ್ಯಗಳಲ್ಲಿ ವಿಯೆನ್ನಾದ ಷೆರ್ಜರನು ಮೊದಲಿಗನಾದನು. ಕೈಹಲಗೆಯ ಹೊರಗೆ ಮಂದ್ರಸ್ವರದ ಹೆಚ್ಚಿನ ತಂತಿಗಳನ್ನು ಬಿಗಿಯುವುದು ಆತನ ಗಿಟಾರುಗಳ ವಿಶೇಷ.

ಮಕಾರೊವನು 1890ರವರೆಗೆ ಬದುಕಿದ್ದನು. ಆತನು ಹಾರೈಸಿದ ಉತ್ಕರ್ಷವು ಬ್ರಸೆಲ್ಸಿನಿಂದ ಬರಲಿಲ್ಲ. ಸ್ಪೇನಿನ ಸೆವಿಲ್ಲಾ ನಗರದಲ್ಲಿ ಅಂತೋನಿಯೋ ದೆ ಟೊರೆಸ್ ಎಂಬ ಮರಗೆಲಸದವನು ಅದೇ 1856ರಲ್ಲಿ, ಮುಂದೆ 'ಲಾ ಲಿಯೋನಾ' ಎಂದು ಹೆಸರಾದ ಗಿಟಾರನ್ನು ಮಾಡಿ ಮುಗಿಸಿದನು. ಆಮೇಲಿನ ಗಿಟಾರುಗಳ ಮಾಟವು ಬಹುಮಟ್ಟಿಗೆ ಟೊರೆಸನದೇ. ಬ್ರಸೆಲ್ಸಿನ ಬಹುಮಾನದ ಪಟ್ಟಿಯಲ್ಲಿ ಆತನ ಹೆಸರಿಲ್ಲ.