ಸಂತ ಜೋಸಫತನ ಪೂರ್ವವೃತ್ತಾಂತ

ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲಿ ಸಂತರನ್ನು ಘೋಷಿಸುವ ಅಧಿಕೃತ ವಿಧಾನವಿರಲಿಲ್ಲ. ಧರ್ಮಕ್ಕಾಗಿ ಪ್ರಾಣತೆತ್ತವರ ಸಮಾಧಿಯ ಬಳಿ, ಅವರು ಮಡಿದ ದಿನದಂದು ಜನರು ಸೇರಿ ಪ್ರಾರ್ಥಿಸುತ್ತಿದ್ದರು. ಆ ಸ್ಮರಣೆಯೇ ಕ್ರಮೇಣ ಹಬ್ಬವಾಯಿತು. ಪೋಪರು ವಿಧ್ಯುಕ್ತವಾಗಿ ಸಂತಪದವಿ ನೀಡಿದ ಮೊದಲ ದಾಖಲೆ 993ನೆಯ ವರ್ಷದ್ದು. ಅದನ್ನು ಪಡೆದವನು ಆಗ್ಸ್‌ಬರ್ಗಿನ ಬಿಷಪ್ ಉಲ್ರಿಖ್. ಜನಭಕ್ತಿಯೇ ಸಂತರನ್ನು ಗುರುತಿಸುತ್ತಿದ್ದ ಆ ಯುಗದಲ್ಲಿ ಬೆಳೆದ ಸಂತನೊಬ್ಬನ ಕಥೆ ಭಾರತೀಯರಾದ ನಮಗೆ ವಿಶೇಷ ಕುತೂಹಲಕಾರಿಯಾದುದು.

ಅವನ ಹೆಸರು ಜೋಸಫತ್. ಕಥೆಯ ಪ್ರಕಾರ ಅವನು ಭಾರತದ ರಾಜಕುಮಾರ. ಮಗನು ಕ್ರೈಸ್ತನಾಗುವನೆಂದು ಜ್ಯೋತಿಷಿಯೊಬ್ಬನು ನುಡಿದಾಗ, ತಂದೆಯು ಅವನನ್ನು ಅರಮನೆಯಲ್ಲಿರಿಸಿ ದುಃಖದ ನೆರಳೂ ಸೋಕದಂತೆ ಬೆಳೆಸುತ್ತಾನೆ. ಆದರೆ ಹೊರಗೆ ಹೋದ ರಾಜಕುಮಾರನು ರೋಗಿಯನ್ನೂ ಮುದುಕನನ್ನೂ ಕಂಡು ಚಿಂತಾಕ್ರಾಂತನಾಗುತ್ತಾನೆ. ರತ್ನವ್ಯಾಪಾರಿಯ ವೇಷದಲ್ಲಿ ಬಂದ ಬರ್ಲಾಮನೆಂಬ ತಪಸ್ವಿ ಅವನಿಗೆ ಉಪದೇಶ ನೀಡುತ್ತಾನೆ. ಕೊನೆಗೆ ಜೋಸಫತನು ರಾಜ್ಯವನ್ನು ತೊರೆದು ಅರಣ್ಯವನ್ನು ಸೇರುತ್ತಾನೆ.

ಈ ರಾಜಕುಮಾರ ಯಾರೆಂಬುದು ನಿಮಗೆ ಈಗಾಗಲೇ ಹೊಳೆದಿರಬಹುದು. ಹೌದು, ನಮ್ಮ ಗೌತಮ ಬುದ್ಧನೇ. ಬೋಧಿಸತ್ತ್ವ ಎಂಬ ಪದ ಮಧ್ಯ ಏಷ್ಯಾದ ದಾರಿಯಲ್ಲಿ ಸಾಗಿ ಅರಬ್ಬಿಯಲ್ಲಿ ‘ಬೂದಾಸಫ್’ ಆಯಿತು. ಅರಬ್ಬಿ ಲಿಪಿಯಲ್ಲಿ ಪದದ ಆದಿಯಲ್ಲಿ ಬರುವ ಬಕಾರಕ್ಕೂ ಯಕಾರಕ್ಕೂ ಕೆಳಗಿನ ಚುಕ್ಕೆಗಳಲ್ಲಿ ಮಾತ್ರ ವ್ಯತ್ಯಾಸ: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಒಂದು ಚುಕ್ಕೆ ಹೆಚ್ಚಾಗಿ ‘ಯೂದಾಸಫ್’ ಆದ ಹೆಸರು ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ದಾಟಿ ಲ್ಯಾಟಿನ್ನಿನಲ್ಲಿ ಜೋಸಫತ್ ಎಂದು ನೆಲೆಸಿತು. ಗ್ರೀಕ್ ಆವೃತ್ತಿಯನ್ನು ಆಥೋಸ್ ಪರ್ವತದ ಮಠದಲ್ಲಿದ್ದ ಜಾರ್ಜಿಯಾದ ಸನ್ಯಾಸಿ ಯೂಥಿಮಿಯಸ್ (ಮರಣ 1028) ರಚಿಸಿದನೆಂದು ಇಂದಿನ ಬಹುಪಾಲು ವಿದ್ವಾಂಸರ ಮತ.

ಬರ್ಲಾಮನ ದೃಷ್ಟಾಂತಗಳಲ್ಲಿ ಒಂದನ್ನು ಕೇಳಿ. ಮೃಗವೊಂದು ಅಟ್ಟಿಸಿಕೊಂಡು ಬರಲು, ಹಳ್ಳಕ್ಕೆ ಬಿದ್ದ ಮನುಷ್ಯನು ಗಿಡವೊಂದನ್ನು ಹಿಡಿದು ನೇತಾಡುತ್ತಾನೆ. ಬಿಳಿ ಮತ್ತು ಕಪ್ಪು ಇಲಿಗಳು ಅದರ ಬೇರನ್ನು ಕಡಿಯುತ್ತಿವೆ. ಕೆಳಗೆ ಘಟಸರ್ಪ ಬಾಯ್ದೆರೆದಿದೆ. ಆದರೂ ಅವನು ಮೇಲಿನಿಂದ ತೊಟ್ಟಿಕ್ಕುವ ಜೇನಹನಿಗೆ ನಾಲಿಗೆ ಚಾಚುತ್ತಾನೆ! ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವುದೂ ಇಂಥದೇ ಕಥೆ.

ಯುರೋಪಿನ ಜನರು ಈ ಸಂತನನ್ನು ಮನಃಪೂರ್ವಕ ಆರಾಧಿಸಿದರು. 1571ರಲ್ಲಿ ವೆನಿಸ್ಸಿನ ಅಧಿಪತಿಯು ಅವನದೆಂದು ನಂಬಲಾದ ಮೂಳೆಯ ತುಣುಕನ್ನು ಪೋರ್ಚುಗಲ್ಲಿನ ದೊರೆಗೆ ಕಾಣಿಕೆಯಾಗಿತ್ತನು. 1580ರ ದಶಕದಲ್ಲಿ ಪರಿಷ್ಕೃತವಾದ ರೋಮನ್ ಸಂತರ ಪಟ್ಟಿಯಲ್ಲಿ ನವೆಂಬರ್ 27 ಬರ್ಲಾಮ್-ಜೋಸಫತರ ದಿನವಾಯಿತು.

ಗೋವೆಯಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದೊ ಕೂತೊ ಎರಡು ಕಥೆಗಳ ಹೋಲಿಕೆಯನ್ನು ಕಂಡಿದ್ದನು. ಆದರೆ ಇಲ್ಲಿನವರು ಬುದ್ಧನೆಂದು ಪೂಜಿಸುವುದು ಜೋಸಫತನನ್ನೇ ಇರಬೇಕೆಂದು ಅವನು ಊಹಿಸಿದನು! ಕಥೆ ಪ್ರಯಾಣ ಮಾಡಿದ ದಿಕ್ಕು ಸ್ಪಷ್ಟವಾದುದು 19ನೆಯ ಶತಮಾನದಲ್ಲಿ. 1860ರಲ್ಲಿ ಜರ್ಮನ್ ವಿದ್ವಾಂಸ ಫೆಲಿಕ್ಸ್ ಲೀಬ್ರೆಕ್ಟ್ ಅದನ್ನು ವಿವರವಾಗಿ ತೋರಿಸಿದನು.

ಇದನ್ನು ಓದಿ “ಎಲ್ಲವೂ ನಮ್ಮಿಂದಲೇ ಹೋದದ್ದು” ಎಂದು ಬೀಗುವುದು ಸುಲಭ. ಹಾಗೆ ಬೀಗಿದರೆ ನಾವೂ ಕೂತೊವಿನ ಸಾಲಿಗೇ ಸೇರುತ್ತೇವೆ. ಅರಮನೆಯನ್ನು ತೊರೆದವನೊಬ್ಬನ ಮುಂದೆ ಅರಬ್ಬರು, ಜಾರ್ಜಿಯನ್ನರು, ಗ್ರೀಕರು, ರೋಮನ್ನರು ತಲೆಬಾಗಿದರು. ಅವನು ಯಾವ ಕುಲದವನೆಂದು ಅವರಾರೂ ಕೇಳಲಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ಯಾರ ಕಥೆ ಎಂದು ವಾದಿಸುವ ಮೊದಲು ಇಷ್ಟನ್ನು ಗಮನಿಸಿ.